ಮೂರು ವರ್ಷ ತಡೆದ ಮಾತು

ಜಪಾನಿನ ಆ ಶಾಲೆಯ ಹಳೇ ಸಂಗೀತ ಕೋಣೆಯಲ್ಲಿ, ಎಂದೋ ಸತ್ತುಹೋದ ಹುಡುಗನೊಬ್ಬನ ಆತ್ಮವಿತ್ತು. "ನಿನ್ನನ್ನು ಪ್ರೀತಿಸ್ತೀನಿ ಅಂತ ಯಾರಾದರೂ ಮನಸಾರೆ ಹೇಳಿದರೆ ನನಗೆ ಮುಕ್ತಿ. ಆಮೇಲೆ ನಾನು ಇರೋದಿಲ್ಲ," ಎಂದು ಅವನು ಅಲ್ಲಿ ಓದುತ್ತಿದ್ದ ಶಿಯೊರಿಗೆ ಮೊದಲ ವರ್ಷವೇ ಹೇಳಿದ್ದ.

ಅದಕ್ಕೇ ಅವಳು ಹೇಳಲಿಲ್ಲ. ಮೂರು ವರ್ಷ, ದಿನವೂ ಶಾಲೆ ಬಿಟ್ಟ ಮೇಲೆ ಪಿಯಾನೋ ಪಕ್ಕ ಕೂತು ಗಣಿತದ ಟೀಚರನ್ನು ಬೈದಳು, ಅಮ್ಮನ ಸಿಡುಕನ್ನು ಹೇಳಿಕೊಂಡಳು. ಆ ಒಂದು ಮಾತನ್ನು ಮಾತ್ರ ನುಂಗಿಕೊಂಡಳು.

ಈ ಗುಟ್ಟು ಗೊತ್ತಿದ್ದದ್ದು ಜೀವದ ಗೆಳತಿ ಚಿಹಾರುಗೆ. ಒಮ್ಮೆ ಶಿಯೊರಿ ಅವಳನ್ನು ಕೋಣೆಗೆ ಕರೆದೊಯ್ದು ಅವನನ್ನು ತೋರಿಸಿದ್ದಳು.

"ಎಲ್ಲಿ? ನನಗೇನೂ ಕಾಣ್ತಿಲ್ಲಪ್ಪ," ಎಂದು ಚಿಹಾರು ನಕ್ಕಿದ್ದಳು.

ಶಾಲೆಯ ಕೊನೆಯ ದಿನ ಬಂತು. ನಾಳೆಯಿಂದ ಇಲ್ಲಿಗೆ ಬರುವಂತಿಲ್ಲ. ಇವತ್ತು ಹೇಳಿ ಅವನನ್ನು ಕಳಿಸಿಕೊಡೋಣವೆಂದು ಶಿಯೊರಿ ಎದೆ ಗಟ್ಟಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಕೋಣೆಯಲ್ಲಿ ಅವನಿರಲಿಲ್ಲ. ಕಿಟಕಿಯ ಬಳಿ ಚಿಹಾರು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ನೀನ್ಯಾಕೆ ಇಲ್ಲಿ? ಏನಾಯ್ತೇ?"

ಚಿಹಾರು ತಲೆ ಎತ್ತಲಿಲ್ಲ.

"ನನಗೂ ಅವನು ಕಾಣ್ತಿದ್ದ ಕಣೇ, ಮೊದಲ ದಿನದಿಂದಲೂ. ನೀನು ಹೇಳೋದಕ್ಕೆ ಮುಂಚೆ ನಾನು ಹೇಳಿಬಿಟ್ಟೆ."