ಮುನಿಶಾಮಪ್ಪನವರ ಮಂಡಿನೋವು

ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಈಗಲೂ ನನಗೆ ಶಿಡ್ಲಘಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ. ಇನ್ನೊಮ್ಮೆ ಪ್ರಾರ್ಥನೆಯ ಸದ್ದು ಕೇಳಿದರೆ ಮನೆ ಖಾಲಿ ಮಾಡಿಸುವುದಾಗಿ ಮಾಲೀಕರಾದ ಮುನಿಶಾಮಪ್ಪನವರು ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದರು. ಎಲ್ಲರಿಗಿಂತ ಮೊದಲೇ ಚಿಂತಿಸುವ ನಾನು ಲಂಗ, ಸ್ಲೇಟು ಗಂಟು ಕಟ್ಟಿಟ್ಟಿದ್ದೆ.

"ಪ್ರಾರ್ಥನೆ ಮೆತ್ತಗೆ ಮಾಡಜ್ಜಿ," ಎಂದೆ.

"ದೇವ್ರು ನೋಡ್ಕೊಂತಾನೆ, ನೀನು ಕಣ್ಮುಚ್ಚು ಕಣೇ," ಎಂದ ಅಜ್ಜಿ, ಗೂಡು ಬೇಯಿಸುವ ಬಿಸಿನೀರಿಗೆ ಸುಕ್ಕುಗಟ್ಟಿದ ಕೈಗಳನ್ನು ಜೋಡಿಸಿದರು. ವಿರೋಧಿಸುವವರಿಗಾಗಿ ಹೆಸರು ಹಿಡಿದು ಬೇಡುವುದು ನಮ್ಮ ಮನೆಯ ರೂಢಿ. "ಯೇಸಪ್ಪಾ, ಮುನಿಶಾಮಪ್ಪನೋರ ಎಡಗಾಲಿನ ಮಂಡಿನೋವು ವಾಸಿ ಮಾಡು," ಎಂದು ಬೀದಿಗೆಲ್ಲ ಕೇಳುವಂತೆ ಬೇಡಿದರು.

ನಾನು ಕಣ್ಣು ಬಿಟ್ಟೇ ಇದ್ದೆ. ಮುನಿಶಾಮಪ್ಪನವರು ಬಾಗಿಲಿಗೆ ಬಂದು ನಿಂತಿದ್ದರು. ಬೈಯಲು ಬಾಯಿ ತೆರೆದವರು, "ಎಡಗಾಲಲ್ಲಮ್ಮ, ಬಲಗಾಲು," ಎಂದರು.

ಅಜ್ಜಿ ಕಣ್ಣು ತೆರೆಯಲಿಲ್ಲ. "ಬಲಗಾಲಂತೆ, ಯೇಸಪ್ಪಾ," ಎಂದು ತಿದ್ದಿ ಪ್ರಾರ್ಥನೆ ಮುಂದುವರಿಸಿದರು.