ನೋವಾದರೆ ಎಡಗೈ

ಪರೀಕ್ಷೆಯ ಮಂಚದ ಮೇಲೆ ಮಲಗಿದ್ದ ದಂತವೈದ್ಯೆಯ ಎಡಗೈ ತಾನಾಗಿಯೇ ಮೇಲೆದ್ದಿತು. ಹೆರಿಗೆಯ ಹೊಲಿಗೆಯ ಗುರುತನ್ನು ಹತ್ತಿಯ ಕಡ್ಡಿಯಿಂದ ಮುಟ್ಟುತ್ತಿದ್ದ ಸ್ತ್ರೀರೋಗ ತಜ್ಞೆ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡರು.

“ಗಂಡನ ಜೊತೆ ಸೇರುವಾಗ ನೋಯೋದೂ ಇಲ್ಲೇನಾ?”

“ಹೂಂ, ಇಲ್ಲೇ. ಮಗು ಆದ್ಮೇಲೆ ಎಲ್ಲರಿಗೂ ಹೀಗೇ ಅಂತ ಅಕ್ಕ ಅಂದ್ಳು. ನಂಗೇ ಅವನ ಮೇಲೆ ಮನಸ್ಸಿಲ್ವೇನೋ ಅಂದ್ಕೊಂಡಿದ್ದೆ.”

“ಮನಸ್ಸನ್ನ ಯಾಕ್ರೀ ಎಳೀತೀರಿ ಇದಕ್ಕೆ? ಹೊಲಿಗೆ ಮೇಲ್ಮೇಲೆ ಮಾಗಿದೆ, ಒಳಗೆ ಗಂಟಾಗಿದೆ. ನೋವಿಗೆ ಹೆದರಿ ಸುತ್ತಲಿನ ಸ್ನಾಯುಗಳೂ ಬಿಗಿದುಕೊಂಡಿವೆ. ಎರಡಕ್ಕೂ ಚಿಕಿತ್ಸೆ ಇದೆ. ಅಲ್ಲಿವರೆಗೆ ಹಲ್ಲು ಕಚ್ಕೊಂಡು ಸಹಿಸೋದು ಬೇಡ.”

ಅವಳು ಇನ್ನೂ ಇಳಿಯದ ತನ್ನ ಕೈಯನ್ನೇ ನೋಡಿದಳು. ‘ನೋವಾದರೆ ಎಡಗೈ ಎತ್ತಿ, ನಿಲ್ಲಿಸುತ್ತೇನೆ’ ಎಂದು ದಿನವಿಡೀ ರೋಗಿಗಳಿಗೆ ಹೇಳುವವಳು. ಮಗುವಿಗೆ ಮೂರು ವರ್ಷ ತುಂಬಿತ್ತು. ಅಷ್ಟು ಕಾಲವೂ ಮನೆಯಲ್ಲಿ ಆ ಕೈ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು.

ಹೊರಗೆ ಬೆಂಚಿನ ಮೇಲೆ ಗಂಡ ಕಾಯುತ್ತಿದ್ದ. ಸೊಂಟನೋವೆಂದು ಅವಳು ಹೇಳಿದ್ದನ್ನು ನಂಬಿ ಬಂದವನು. ಹಿಂದೊಮ್ಮೆ ಹುಳುಕು ಹಲ್ಲಿಗೆ ಅವಳ ಕುರ್ಚಿಯಲ್ಲೇ ಕೂತಿದ್ದವನು, ಡ್ರಿಲ್ ಬಾಯಿಗೆ ಬರುವ ಮೊದಲೇ ಎಡಗೈ ಎತ್ತಿ ಅವಳನ್ನು ನಗಿಸಿದ್ದವನು.

“ಏನಂತೆ ಸೊಂಟಕ್ಕೆ?” ಎಂದು ನಗುತ್ತ ಎದ್ದ.

“ಸೊಂಟ ಅಲ್ಲ. ನೀನು ಹತ್ರ ಬಂದಾಗ…” ಎಂದವಳು ಎಡಗೈ ಎತ್ತಿದಳು.

ಅವನ ಮುಖದ ನಗು ನಿಂತುಹೋಯಿತು.

“ಯಾವತ್ತಿಂದ?” ಎಂದ.