ಹೊರಗೆ ಯಾರೋ ಕಾಯುತ್ತಿದ್ದಾರೆ

ಇದನ್ನು ಓದುವ ಮುಂಚೆ ಪಕ್ಕದಲ್ಲಿ ಒಂದು ಟವೆಲ್ ಇಟ್ಟುಕೊಳ್ಳಿ... ಕರ್ಚೀಫು ಸಾಲುವುದಿಲ್ಲ.

ನನ್ನ ಕೆಲಸ ಗೊತ್ತಲ್ಲ? ಮನೆಯಲ್ಲೇ ಹೋಮ್ ಥಿಯೇಟರ್ ಕಟ್ಟಿಸಿಕೊಂಡವರಿಗೆ, ಸಿನಿಮಾ ಶುರುವಾಗುವ ಮುಂಚೆ ಅವರ ಹೆಸರು ಧಗಧಗ ಉರಿಯುತ್ತಾ ಬರುವ ಇಂಟ್ರೋ ವಿಡಿಯೋ ಮಾಡಿಕೊಡುವುದು.

ಇದರಲ್ಲಿ ನನ್ನನ್ನು ಮೀರಿಸುವವರು ಏಳು ಖಂಡಗಳಲ್ಲೂ ಇಲ್ಲ. ಶಿವಮೊಗ್ಗದ ಒಬ್ಬ ಡಾಕ್ಟರು ನನ್ನ ಇಂಟ್ರೋ ನೋಡಿದ ಮೇಲೆ ಸಿನಿಮಾ ನೋಡುವುದನ್ನೇ ಬಿಟ್ಟರು... ಇಂಟ್ರೋ ಒಂದೇ ಸಾಕಂತೆ.

ತುಮಕೂರಿನಲ್ಲಿ ನಾನಿಟ್ಟ ಗುಡುಗಿಗೆ ಪಕ್ಕದ ಬೀದಿಯವರೆಲ್ಲ ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡಿದ್ದರು.

ಇಂಥ ನನ್ನನ್ನು ದಾವಣಗೆರೆಯ ಬಟ್ಟೆ ಅಂಗಡಿ ಸಾಹುಕಾರ ಕೊಟ್ರೇಶಪ್ಪ ಕರೆಸಿದರು.

ಅವರ ಹೋಮ್ ಥಿಯೇಟರ್ ನೋಡಿ ದಂಗಾದೆ. ಗೋಡೆ ತುಂಬ ದಪ್ಪ ಫೋಮು... ತಿಜೋರಿಯಂಥ ಬಾಗಿಲು... ಅದನ್ನು ಮುಚ್ಚಿದರೆ ಹೊರಗೆ ಪ್ರಳಯವಾದರೂ ಒಳಗೆ ಗೊತ್ತಾಗದು.

ಸಾಲುಸಾಲು ಒರಗು ಕುರ್ಚಿಗಳು. ಒಂದೇ ಒಂದು ಕುರ್ಚಿಯ ಚರ್ಮ ಸವೆದಿತ್ತು. ಉಳಿದವುಗಳ ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದೇ ಇರಲಿಲ್ಲ.

ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಂಗಡಿಯಿಂದ ಬಂದವರೇ ಫೋನನ್ನು ಹಾಲ್‌ನಲ್ಲಿಟ್ಟು ಈ ಕೋಣೆ ಸೇರುತ್ತಿದ್ದರಂತೆ.

ಹಾರುವ ಕುದುರೆ ಬೇಕೋ, ಸಿಡಿಯುವ ಸೂರ್ಯ ಬೇಕೋ ಎಂದು ಕೇಳಿದೆ. ಅವರು ಕೇಳಿದ್ದೇ ಬೇರೆ.

ಹಳೇ ಟಾಕೀಸುಗಳಲ್ಲಿ ಸಿನಿಮಾ ನಡುವೆ ಪರದೆಯ ಮೇಲೆ ಒಂದು ಗಾಜಿನ ಸ್ಲೈಡ್ ಬರುತ್ತಿತ್ತು, ನೆನಪಿದೆಯಾ? ಇಂಥವರನ್ನು ಹುಡುಕಿಕೊಂಡು ಬಂದಿದ್ದಾರೆ, ಕೂಡಲೇ ಗೇಟಿಗೆ ಬನ್ನಿ ಎಂದು ಕೈಬರಹದಲ್ಲಿ...

ಸ್ಕೂಲಿಗೆ ಚಕ್ಕರ್ ಹಾಕಿ ಮ್ಯಾಟ್ನಿಗೆ ಹೋಗಿದ್ದ ಕೊಟ್ರೇಶಪ್ಪನವರನ್ನು ಅವರ ಅಕ್ಕ ಹಾಲಮ್ಮ ಹಾಗೆ ಸ್ಲೈಡ್ ಹಾಕಿಸಿ ಹೊರಗೆ ಕರೆಸಿ, ಕಿವಿ ಹಿಂಡಿದ್ದರಂತೆ!

"ಅಂಥದ್ದೊಂದು ಸ್ಲೈಡ್ ಹಾಕ್ರಿ... ನನ್ನೂ ಯಾರೋ ಕರ್ದಂಗಿರ್ಲಿ," ಎಂದರು.

ಅಕ್ಕ ಈಗೆಲ್ಲಿದ್ದಾರೆ ಎಂದೆ. ಇದೇ ಊರಲ್ಲಿ... ಮಾತಿಲ್ಲ. ಥಿಯೇಟರ್ ಓಪನಿಂಗ್ ದಿನ ಅಕ್ಕ ಮಡಿಲು ತುಂಬ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿದ್ದರಂತೆ. ಕುರುಂ ಕುರುಂ ಅನ್ನಬೇಡ, ಸೌಂಡ್ ಹಾಳಾಗುತ್ತೆ ಎಂದು ಎಲ್ಲರೆದುರು ಇವರು ಗದರಿದರು. ಅಕ್ಕ ಎದ್ದು ಹೋದವರು ತಿರುಗಿ ಬರಲಿಲ್ಲ.

"ಅಕ್ಕನೇ ಬರ್ಲಿಲ್ಲ ಅಂದ್ಮೇಲೆ ಇನ್ಯಾರು ಬರ್ತಾರ್ರಿ..."

ನಾನು ಬ್ರಹ್ಮಾಂಡವನ್ನೇ ಅಲುಗಾಡಿಸುವ ಇಂಟ್ರೋ ಮಾಡಿದೆ. ಕೊನೆಗೆ ಕಪ್ಪು ಪರದೆ, ಅದರ ಮೇಲೆ ಆ ಸ್ಲೈಡ್.

ತೋರಿಸಲು ಹೋದ ಸಂಜೆ ಮನೆಯ ಮೆಟ್ಟಿಲ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ಮಡಿಲಲ್ಲಿ ಸ್ಟೀಲ್ ಡಬ್ಬಿ... ಮಂಡಕ್ಕಿ ಒಗ್ಗರಣೆಯ ವಾಸನೆ.

ನಾನು ಬೆಲ್ ಒತ್ತಿದೆ. ಮತ್ತೆ ಒತ್ತಿದೆ.

"ಸುಮ್ನೆ ಯಾಕೆ ಬೆರಳು ನೋಯಿಸ್ಕೊಳ್ತೀಯ ತಮ್ಮಾ... ನಾನು ಸೋಮವಾರಕ್ಕೊಮ್ಮೆ ಬಂದು ಒತ್ತಿ ಹೋಗ್ತೀನಿ. ಒಳಗಿದ್ರೂ ತೆಗೆಯಲ್ಲ ಅವ್ನು. ದೊಡ್ಡ ಮನುಷ್ಯ ಆಗ್ಯಾನೆ."

ನನ್ನ ಜಗದ್ವಿಖ್ಯಾತ ಮೆದುಳು ಒಂದು ಕ್ಷಣ ನಿಂತೇಹೋಯಿತು!

ಸಾಮಾನು ತರಲೆಂದು ಕೊಟ್ರೇಶಪ್ಪ ನನಗಾಗಿ ಹಿಂಬಾಗಿಲು ತೆಗೆದಿಟ್ಟಿದ್ದರು. ಬನ್ನಿ ಅಮ್ಮಾ ಎಂದು ಕರೆದೆ.

"ತಮ್ಮನ ಮನೆಗೆ ಹಿಂಬಾಗ್ಲಿಂದ ಹೋಗೋಳಲ್ಲ ನಾನು," ಎಂದರು ಹಾಲಮ್ಮ.

ಸ್ವಲ್ಪ ಹೊತ್ತು ಇಲ್ಲೇ ಇರಿ ಎಂದು ಬೇಡಿಕೊಂಡು ನಾನೊಬ್ಬನೇ ಒಳಗೆ ಹೋದೆ.

ಅದೇ ಸವೆದ ಕುರ್ಚಿ. ಅದೇ ಕತ್ತಲು. ನನ್ನನ್ನು ಕಂಡು ಕೊಟ್ರೇಶಪ್ಪ, ಬಂದವರು ಒಂದು ಬೆಲ್ ಆದರೂ ಹೊಡೆಯಬಾರದಿತ್ತೇ ಎಂದರು...

ನಾನು ಲ್ಯಾಪ್‌ಟಾಪ್ ತೆರೆದು ಸ್ಲೈಡಿಗೆ ಎರಡೇ ಪದ ಸೇರಿಸಿ, ಇಂಟ್ರೋ ಹಾಕಿದೆ.

ಸೂರ್ಯ ಸಿಡಿದ. ಕುದುರೆಗಳು ಹಾರಿದವು. ಸಾಹುಕಾರರ ಮುಖದಲ್ಲಿ ಏನೂ ಇಲ್ಲ.

ಆಮೇಲೆ ಪರದೆ ಕಪ್ಪಾಯಿತು...

"ಕೊಟ್ರೇಶಪ್ಪನವರು ಕೂಡಲೇ ಗೇಟಿಗೆ ಬರಬೇಕು. ಅಕ್ಕ ಹಾಲಮ್ಮ ಕಾಯುತ್ತಿದ್ದಾರೆ."

ಅವರು ನಕ್ಕರು. ಕಣ್ಣು ಒರೆಸಿಕೊಂಡರು. ಇನ್ನೊಂದು ಸಲ ಹಾಕಿ ಎಂದರು.

"ಹಾಕಲ್ಲ ಸಾರ್. ಎದ್ದು ಹೋಗಿ ನೋಡಿ."

ನನ್ನ ಮುಖವನ್ನೇ ದಿಟ್ಟಿಸಿದರು... ಮರುಕ್ಷಣ ಬರಿಗಾಲಲ್ಲಿ ಓಡಿದರು. ಆ ಓಟ ಕಂಡಿದ್ದರೆ ಚಿರತೆಯೂ ದಾರಿ ಬಿಡುತ್ತಿತ್ತು.

ಮುಂಬಾಗಿಲು ತೆರೆಯಿತು.

"ಈಗ ಕಿವಿ ಬಂದ್ವೇನೋ ಕೊಟ್ರಾ?" ಎಂದರು ಅಕ್ಕ, ಏಳದೆಯೇ.

ಕೊಟ್ರೇಶಪ್ಪ ಬೆಲ್ ನೋಡಿದರು, ಡಬ್ಬಿ ನೋಡಿದರು, ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಎಲ್ಲ ಅರ್ಥವಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತರು.

"ಒಂದಿನಾನೂ ಕೇಳ್ಸಿಲ್ಲಕ್ಕಾ... ಆ ಕೋಣೆಗೆ ಬೆಲ್ ಕೇಳ್ಸಲ್ಲ... ನೀನು ಬರ್ಲೇ ಇಲ್ಲ ಅಂದ್ಕೊಂಡಿದ್ದೆ..."

ಹಾಲಮ್ಮ ಕೈ ಚಾಚಿ ತಮ್ಮನ ಕಿವಿ ಹಿಡಿದರು... ಹಿಂಡಲಿಲ್ಲ. ಸುಮ್ಮನೆ ಹಿಡಿದುಕೊಂಡೇ ಇದ್ದರು.

ಆ ಸಂಜೆ ಇನ್ನೊಂದು ಕುರ್ಚಿಯ ಪ್ಲಾಸ್ಟಿಕ್ ಕವರ್ ಹರಿಯಿತು. ಅಕ್ಕ ಮಂಡಕ್ಕಿ ಜಗಿಯುವ ಕುರುಂ ಕುರುಂ ಮುಂದೆ ನನ್ನ ಗುಡುಗು ಸಿಡಿಲು ಯಾವ ಲೆಕ್ಕ!

ಸೂರ್ಯ, ಕುದುರೆ ಎಲ್ಲ ತೆಗೆದುಬಿಡಿ ಎಂದರು ಕೊಟ್ರೇಶಪ್ಪ. ಬೆಲ್ಲಿನ ವೈರನ್ನು ಪರದೆಗೆ ಜೋಡಿಸಿಕೊಟ್ಟೆ. ಈಗ ಅಲ್ಲಿ ಯಾರೇ ಬೆಲ್ ಒತ್ತಲಿ, ಎಂಥ ಸಿನಿಮಾ ಆದರೂ ನಿಲ್ಲುತ್ತದೆ... ಹೊರಗೆ ಯಾರೋ ಕಾಯುತ್ತಿದ್ದಾರೆ ಎಂಬ ಸ್ಲೈಡ್ ಬರುತ್ತದೆ.

ಭೂಮಂಡಲದ ಅತಿ ಶ್ರೇಷ್ಠ ಇಂಟ್ರೋ ಅದು. ಅದರಲ್ಲಿ ನನ್ನ ಕೈಚಳಕ ಏನೂ ಇಲ್ಲ.

ಯಾರೂ ಬರಲಿಲ್ಲ ಎಂದು ಕೊರಗುವ ಮುಂಚೆ, ಬಂದವರ ಸದ್ದು ನಮಗೆ ಕೇಳಿಸುವಂತಿದೆಯೇ ಎಂದು ನೋಡಿಕೊಳ್ಳಬೇಕು.

ನಿಮ್ಮ ಮನೆಯ ಬೆಲ್ ಒತ್ತಿ ಒತ್ತಿ, ಮೆಟ್ಟಿಲ ಮೇಲೆ ಕೂತವರು ಯಾರಿರಬಹುದು... ಒಮ್ಮೆ ಎದ್ದು ಹೋಗಿ ನೋಡುತ್ತೀರಾ?